ಮರಿಯ ಜೊತೆ ಬಂದ ರೋಗ

ಯಲಬುರ್ಗಾ ತಾಲ್ಲೂಕಿನ ಬೇವೂರು ಸೀಮೆ ಮಳೆಯನ್ನೇ ನೆಚ್ಚಿಕೊಂಡದ್ದು. ಅಲ್ಲಿ ಕೃಷಿಹೊಂಡಕ್ಕೆ ನಾಲ್ಕು ಮೀನುಮರಿ ಬಿಡಬೇಕೆಂದಿದ್ದೀರಾ? ಹಾಗಿದ್ದರೆ ಕರಾವಳಿಯ ಸಿಗಡಿಯ ಕಥೆ ನಿಮಗೆ ಗೊತ್ತಿರಬೇಕು. ಸಿಗಡಿ ಮೀನಲ್ಲ, ನಿಜ. ಆದರೆ ಸಾಕಿದ ಜಲಚರಗಳಿಗೆ ವೈರಸ್ ತಗುಲಿದರೆ ಏನಾಗುತ್ತದೆಂದು ನಮ್ಮ ನಾಡು ಕಲಿತದ್ದು ಅದರಿಂದಲೇ.

ಅದಕ್ಕೂ ಮೊದಲು ಒಂದು ತಪ್ಪು ಎಣಿಕೆಯಾಗಿತ್ತು. 1988ರಲ್ಲಿ ಬಾಂಗ್ಲಾದೇಶದ ಕಡೆಯಿಂದ ಈಶಾನ್ಯ ಭಾರತಕ್ಕೆ ಬಂದ ಹುಣ್ಣುರೋಗ ಮುಂದೆ ಕರ್ನಾಟಕದ ಕೆರೆಗಳನ್ನೂ ಮುಟ್ಟಿತು. ಕೊರವ ಮೀನಿನ ಮೈಯಲ್ಲಿ ಕೆಂಪು ಹುಣ್ಣೆದ್ದು ಮಾಂಸ ಕೊಳೆಯುತ್ತಿತ್ತು. ವಿಜ್ಞಾನಿಗಳು ಮೊದಲು ವೈರಸ್ಸನ್ನು ಶಂಕಿಸಿದರು. ಥಾಯ್ಲೆಂಡಿನ ರೋಗಿ ಮೀನುಗಳಲ್ಲಿ ವೈರಸ್ ಸಿಕ್ಕಿಯೂ ಇತ್ತು. ಕೊನೆಗೆ ತಪ್ಪಿತಸ್ಥನೆಂದು ತಿಳಿದದ್ದು ಅಫನೊಮೈಸಿಸ್ ಎಂಬ, ಬೂಷ್ಟನ್ನು ಹೋಲುವ ಜೀವಿ.

ನಿಜವಾದ ವೈರಸ್ಸಿನ ಹೊಡೆತ ಬಿದ್ದದ್ದು 1994ರಲ್ಲಿ. ತೈವಾನ್, ಚೀನಾ, ಜಪಾನುಗಳಲ್ಲಿ 1992–93ರಲ್ಲಿ ಕಾಣಿಸಿಕೊಂಡಿದ್ದ ಬಿಳಿಚುಕ್ಕೆ ರೋಗ ನಮ್ಮ ಪೂರ್ವ ಕರಾವಳಿಯ ಸಿಗಡಿ ಕೊಳಗಳಿಗೆ ನುಗ್ಗಿತು. ಪಶ್ಚಿಮ ಕರಾವಳಿಯನ್ನೂ ಬಿಡಲಿಲ್ಲ. ಮೇವು ಬಿಟ್ಟ ಸಿಗಡಿ ದಂಡೆಗೆ ಬಂದು ನಿಲ್ಲುತ್ತಿತ್ತು. ಚಿಪ್ಪು ಬಿಡಿಸಿ ನೋಡಿದರೆ ಒಳಮೈಯಲ್ಲಿ ಬಿಳಿಯ ಚುಕ್ಕೆಗಳು. ವಾರ, ಹತ್ತು ದಿನದಲ್ಲಿ ಕೊಳ ಖಾಲಿ. ಸಾಲ ಮಾತ್ರ ಹಾಗೆಯೇ.

ನೀರು ಕೆಟ್ಟಿತೆಂದು ಬಗೆಯುವುದು ಸಹಜ. ಆದರೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡ ರೋಗ ತಗುಲಿದ ಸಿಗಡಿಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿತು. ಮುಂದೆ ಪಿಸಿಆರ್ ಪರೀಕ್ಷೆಯನ್ನೂ ಬಳಸಿತು. ಇಂಥ ಪರೀಕ್ಷೆಗಳಿಂದ ತಿಳಿದ ಸಂಗತಿ ಕಸಿವಿಸಿ ಹುಟ್ಟಿಸುವಂಥದು: ನೋಡಲು ಲವಲವಿಕೆಯಿಂದಿರುವ ತಾಯಿ ಸಿಗಡಿ, ಮರಿ ಸಿಗಡಿಗಳಲ್ಲೂ ವೈರಸ್ ಇರಬಲ್ಲದು. ಎಂದರೆ ರೈತ ಹಣ ಕೊಟ್ಟು ತಂದ ಚೀಲದಲ್ಲೇ ರೋಗವೂ ಬರಬಹುದಿತ್ತು.

ಸಿಹಿನೀರಿನ ಮೀನಿನದೂ ಈಗ ಅದೇ ದಾರಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ, ಅಂದರೆ ನಮ್ಮವರ ಜಿಲೇಬಿ ಮೀನು, ಗಟ್ಟಿ ಜೀವವೆಂದೇ ಹೆಸರಾದದ್ದು. ಇಸ್ರೇಲಿನಲ್ಲಿ ಅದನ್ನು ಕೊಲ್ಲುತ್ತಿದ್ದ ಹೊಸ ವೈರಸ್ಸನ್ನು 2014ರಲ್ಲಿ ಗುರುತಿಸಲಾಯಿತು. 2018ರಲ್ಲಿ ಭಾರತದಿಂದಲೂ ವರದಿ ಬಂತು. ತಿಂದವರಿಗೆ ಇದು ತಗಲುವುದಿಲ್ಲ. ಆದರೆ ಮೀನಿಗೆ ಮದ್ದೂ ಇಲ್ಲ. ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಸುರಿಯುವುದು ದುಡ್ಡು ದಂಡ.

ಮರಿ ಕೊಳ್ಳುವಾಗ ಬೆಲೆಯ ಜೊತೆಗೆ ಅದು ಯಾವ ಕೇಂದ್ರದ್ದು, ಪರೀಕ್ಷೆಯಾಗಿದೆಯೇ ಎಂದೂ ಕೇಳಿ. ಬೇರೆ ಹೊಂಡದ ಬಲೆಯನ್ನು ಹಾಗೆಯೇ ಇಳಿಸಬೇಡಿ. ಮೀನು ರಾಶಿಯಾಗಿ ಸತ್ತರೆ ಇಲಾಖೆಗೆ ತಿಳಿಸಿ, ಸುಣ್ಣ ಹಾಕಿ ಹೂಳಿ. ಹಳ್ಳಕ್ಕೆ ಎಸೆದರೆ ಕೆಳಗಿನ ಹೊಂಡಗಳಿಗೂ ಅದೇ ನೀರು ಹೋಗುತ್ತದೆ.