ತುಂಗಭದ್ರೆಯ ಹರಿಗೋಲು

ನಮ್ಮ ಸದಸ್ಯ ಬಾಂಧವರಿಗೆ ಹರಿಗೋಲು ಹೊಸದಲ್ಲ. ಆದರೆ ಅದಕ್ಕೆ ಐನೂರು ವರ್ಷಗಳ ಬರಹದ ಸಾಕ್ಷಿ ಇದೆ ಅನ್ನೋದು ಕೆಲವರಿಗೇ ಗೊತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಇದನ್ನು ಕಂಡು ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತದೆ ಎಂದು.

ಸುತ್ತೋದು ದೋಣಿಯ ತಪ್ಪಲ್ಲ. ದುಂಡಗಿನ ತಳಕ್ಕೆ ಹಿಂದು ಮುಂದು ಇಲ್ಲ. ಪಳಗಿದ ಅಂಬಿಗ ಹುಟ್ಟನ್ನು ಎಡಕ್ಕೂ ಬಲಕ್ಕೂ ಹಾಕಿ ನೀರನ್ನು ತನ್ನ ಕಡೆಗೆ ಎಳೆದರೆ ನೆಟ್ಟಗೇ ಹೋಗುತ್ತದೆ. ತಳ ಚಪ್ಪಟೆಯಾದ್ದರಿಂದ ಬೇಸಿಗೆಯ ತೆಳು ನೀರೂ ಸಾಕು.

1953ರಲ್ಲಿ ಹೊಸಪೇಟೆ ಬಳಿ ಅಣೆಕಟ್ಟೆಗೆ ನೀರು ನಿಂತಿತು. ಹೊಳೆ ದಾಟಿಸುತ್ತಿದ್ದ ಹರಿಗೋಲು ಜಲಾಶಯದಲ್ಲಿ ಮೀನುಗಾರರ ಅನ್ನದ ದಾರಿಯಾಯಿತು. ಚರ್ಮ ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹೊದಿಕೆ ಬಂತು, ಆಮೇಲೆ ಫೈಬರ್ ಕೂಡ ಬಂತು. ಆಕಾರ ಮಾತ್ರ ಅದೇ.

ಜಲಾಶಯ ಹಾಗೆ ಉಳಿದಿಲ್ಲ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದುದು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮೀನುಗಾರ ಹರಿಗೋಲು ಹೊತ್ತು ಕೆಸರು ತುಳಿದೇ ನೀರು ಮುಟ್ಟಬೇಕು. ಹರಿಗೋಲನ್ನು ಒಬ್ಬನೇ ಹೊತ್ತಾನು. ಹೂಳಿನ ಕೆಲಸಕ್ಕೆ ಮಾತ್ರ ಸರ್ಕಾರ, ರೈತರು, ಮೀನುಗಾರರು ಎಲ್ಲರೂ ಕೂಡಬೇಕು.