ಮತ ಬಿಟ್ಟರೂ ಬಿಡದ ಶಂಕೆ

ಮೈ ತೊಳೆದುಕೊಳ್ಳುವುದೂ ಅಪರಾಧವಾಗಬಲ್ಲುದೆ? ನಿತ್ಯಸ್ನಾನವನ್ನು ಆಚಾರವೆಂದೇ ಎಣಿಸಿದ ನಮಗೆ ಈ ಪ್ರಶ್ನೆ ವಿಚಿತ್ರವಾಗಿ ಕಾಣುವುದು ಸಹಜ. ಆದರೆ ಸ್ಪೇನಿನ ದೊರೆ ಎರಡನೆಯ ಫಿಲಿಪನ ಹೆಸರಿನಲ್ಲಿ 1567ರ ಜನವರಿ 1ರಂದು ಗ್ರನಾಡ ನಗರದಲ್ಲಿ ಸಾರಿದ ಆಜ್ಞೆಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಸ್ನಾನಗೃಹಗಳನ್ನು ಕೆಡವತಕ್ಕದ್ದು. ಮೂರು ವರ್ಷದೊಳಗೆ ಎಲ್ಲರೂ ಕ್ಯಾಸ್ಟೀಲಿನ ಭಾಷೆಯನ್ನು ಕಲಿಯತಕ್ಕದ್ದು. ಆಮೇಲೆ ಮನೆಯ ಒಳಗಾಗಲಿ ಹೊರಗಾಗಲಿ ಅರಬ್ಬಿಯನ್ನು ಆಡಕೂಡದು, ಬರೆಯಕೂಡದು. ಹೆಂಗಸರು ಮುಸುಕಿಲ್ಲದೆ ಓಡಾಡಬೇಕು, ಗೋರಂಟಿ ಹಚ್ಚಿಕೊಳ್ಳಬಾರದು. ಶುಕ್ರವಾರಗಳಲ್ಲಿ ಮನೆಯ ಬಾಗಿಲು ತೆರೆದೇ ಇರಬೇಕು. ಈ ಆಜ್ಞೆಗೆ ಗುರಿಯಾದವರು ಮುಸಲ್ಮಾನರಾಗಿದ್ದಿರಬೇಕೆಂದು ಓದುಗರು ಊಹಿಸಬಹುದು. ರಾಜ್ಯದ ದಫ್ತರದಲ್ಲಿ ಹಾಗೆ ಇಲ್ಲ. ಅಲ್ಲಿ ಅವರೆಲ್ಲರೂ ಕ್ರೈಸ್ತರು. ಅವರಿಗೆ ಜ್ಞಾನಸ್ನಾನವಾಗಿ ಆಗಲೇ ಎರಡು ತಲೆಮಾರು ಕಳೆದಿತ್ತು.

ಇವರನ್ನು ಚರಿತ್ರೆಯಲ್ಲಿ ಮೊರಿಸ್ಕೊಗಳೆಂದು ಕರೆಯುತ್ತಾರೆ. ಜಗತ್ತಿನಲ್ಲಿ ಅಲ್ಪಸಂಖ್ಯಾತರು ಪಟ್ಟ ಪಾಡಿನ ಕಥೆಗಳು ಬೇಕಾದಷ್ಟಿವೆ. ಅವುಗಳಲ್ಲಿ ನನ್ನ ಮನಸ್ಸನ್ನು ಮತ್ತೆ ಮತ್ತೆ ಕೆಣಕುವುದು ಇವರದು. ಏಕೆಂದರೆ, ನಮ್ಮಂತೆ ಆಗಿರಿ, ಮತ್ತೆ ನಿಮ್ಮ ತಂಟೆಗೆ ಬರುವುದಿಲ್ಲ ಎಂದು ಬಹುಸಂಖ್ಯಾತರು ಹೇಳುವ ಮಾತಿಗೆ ಬೆಲೆ ಎಷ್ಟು ಎಂಬುದು ಇಲ್ಲಿ ತೂಕಕ್ಕೆ ಬಿದ್ದಿದೆ.

ಮೊದಲು ಒಂದು ಒಪ್ಪಂದವಿತ್ತು. 1492ರ ಜನವರಿ 2ರಂದು ಗ್ರನಾಡದ ಕೊನೆಯ ಮುಸಲ್ಮಾನ ಅರಸ ಕೋಟೆಯ ಬೀಗದ ಕೈಗಳನ್ನು ಫರ್ಡಿನೆಂಡ್ ಮತ್ತು ಇಸಬೆಲ್ಲಾ ದಂಪತಿಗಳಿಗೆ ಒಪ್ಪಿಸಿದಾಗ, ಗೆದ್ದವರು ಸೋತವರಿಗೆ ಬರೆದುಕೊಟ್ಟ ಮಾತು ಉದಾರವಾಗಿಯೇ ಇತ್ತು: ಅವರ ಮತ, ಮಸೀದಿ, ಖಾಜಿ, ಉಡುಪು ಎಲ್ಲವೂ ಅವರಿಗೇ. ಮೊದಲನೆಯ ಆರ್ಚ್‌ಬಿಷಪ್ ತಲವೇರಾ ಈ ಮಾತಿಗೆ ನಿಂತ ಮನುಷ್ಯ. ಜನರನ್ನು ಒಲಿಸಿ ಕರೆಯಬೇಕೇ ಹೊರತು ಎಳೆದು ತರಬಾರದೆಂದು ತನ್ನ ಪಾದ್ರಿಗಳಿಗೆ ಅರಬ್ಬಿ ಕಲಿಯಲು ಹೇಳಿದ. ಕೊನೆಗಾಲದಲ್ಲಿ ಆತನ ಮನೆಯವರ ಮೇಲೆಯೇ ಮತವಿಚಾರಣಾ ಮಂಡಲಿಯ ಕೈ ಬಿತ್ತೆಂಬುದನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ.

ತಲವೇರಾನ ನಿಧಾನ ಅರಮನೆಗೆ ಹಿಡಿಸಲಿಲ್ಲ. 1499ರಲ್ಲಿ ತೊಲೆದೊ ನಗರದ ಆರ್ಚ್‌ಬಿಷಪ್ ಸಿಸ್ನೆರೋಸ್ ಗ್ರನಾಡಕ್ಕೆ ಬಂದ. ಸಾಮೂಹಿಕ ಮತಾಂತರ ನಡೆಯಿತು. ಅರಬ್ಬಿ ಗ್ರಂಥಗಳನ್ನು ಪೇಟೆಯ ಚೌಕದಲ್ಲಿ ರಾಶಿ ಹಾಕಿ ಸುಟ್ಟರು. ವೈದ್ಯಗ್ರಂಥಗಳನ್ನು ಮಾತ್ರ ಬದಿಗಿಟ್ಟರಂತೆ. ಮತ ಬೇಡವಾದರೂ ಮದ್ದು ಬೇಕಾಗಿತ್ತು! ಜನ ದಂಗೆಯೆದ್ದರು, ದಂಗೆ ಎದ್ದದ್ದರಿಂದ ಒಪ್ಪಂದ ರದ್ದಾಯಿತೆಂದು ಸರ್ಕಾರ ವಾದಿಸಿತು. 1502ರಲ್ಲಿ ಕ್ಯಾಸ್ಟೀಲಿನ ಮುಸಲ್ಮಾನರೆಲ್ಲರ ಮುಂದೆ ಎರಡೇ ದಾರಿ: ಕ್ರೈಸ್ತರಾಗುವುದು, ಇಲ್ಲವೆ ದೇಶ ಬಿಡುವುದು. ಕಾಲು ಶತಮಾನದೊಳಗೆ ವಲೆನ್ಸಿಯಾ, ಅರಗಾನ್ ಸೀಮೆಗಳಿಗೂ ಅದೇ ಗತಿ ಬಂತು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಎಲ್ಲರೂ ಒಂದೇ ದೇವಾಲಯಕ್ಕೆ ಹೋಗುವವರಾದ ಮೇಲೆ ಜಗಳವೇನು ಉಳಿಯಿತು? ಉಳಿದದ್ದು ರಕ್ತ. ತೊಲೆದೊ ನಗರದಲ್ಲಿ 1449ರಷ್ಟು ಹಿಂದೆಯೇ ಯಹೂದಿ ಮೂಲದ ಕ್ರೈಸ್ತರನ್ನು ನಗರದ ಅಧಿಕಾರಗಳಿಂದ ದೂರವಿಡುವ ಶಾಸನ ಹುಟ್ಟಿತ್ತು. ಇದಕ್ಕೆ ರಕ್ತಶುದ್ಧಿಯ ಶಾಸನವೆಂದು ಹೆಸರು. ಮುಂದೆ ಇಂಥ ಶಾಸನಗಳು ದೇವಾಲಯ, ವಿದ್ಯಾಪೀಠ, ಸಂಘಗಳಿಗೆ ಹಬ್ಬಿದವು. ಮುಸಲ್ಮಾನ ಮೂಲದವರನ್ನೂ ಒಳಗೊಂಡವು. ಉದ್ಯೋಗ ಬೇಕಾದವನು ತನ್ನ ಅಜ್ಜ ಮುತ್ತಜ್ಜಂದಿರ ಊರಿಗೆ ಅಧಿಕಾರಿಗಳನ್ನು ಕಳುಹಿಸಿ, ಅಲ್ಲಿಯ ಮುದುಕರಿಂದ ಸಾಕ್ಷ್ಯ ಹೇಳಿಸಬೇಕು. ಹಳೆಯ ಕ್ರೈಸ್ತ, ಹೊಸ ಕ್ರೈಸ್ತ ಎಂದು ಎರಡು ಪಂಕ್ತಿಗಳಾದವು. ಪಂಕ್ತಿಭೇದವನ್ನು ಕಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತವನ್ನು ಬದಲಾಯಿಸಬಹುದು, ಅಜ್ಜನನ್ನು ಬದಲಾಯಿಸುವುದು ಹೇಗೆ?

ಶಂಕೆ ಅಡುಗೆಮನೆಗೂ ಬಂತು. ಹಂದಿಮಾಂಸ ಒಲ್ಲೆನೆಂದವನು, ದ್ರಾಕ್ಷಾರಸ ಮುಟ್ಟದವನು, ಶುಕ್ರವಾರ ಮಡಿಬಟ್ಟೆ ಉಟ್ಟವನು, ಎಲ್ಲರ ಮೇಲೂ ದೂರು ಹೋಗಬಹುದಾಗಿತ್ತು. ದೂರು ಕೊಟ್ಟವನ ಹೆಸರನ್ನು ಆಪಾದಿತನಿಗೆ ತಿಳಿಸುತ್ತಿರಲಿಲ್ಲ.

ಈ ಶಂಕೆ ಪೂರ್ತಿ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಮೊರಿಸ್ಕೊಗಳಲ್ಲಿ ಅನೇಕರು ಒಳಗೊಳಗೇ ತಮ್ಮ ಹಿಂದಿನ ಮತವನ್ನೇ ನಡೆಸುತ್ತಿದ್ದರು. ಬಲವಂತಕ್ಕೆ ಒಳಗಾದವರು ಹೊರಗೆ ತೋರಿಕೆಗೆ ನಡೆದುಕೊಂಡರೆ ದೋಷವಿಲ್ಲವೆಂದು ಉತ್ತರ ಆಫ್ರಿಕಾದ ಮುಫ್ತಿಯೊಬ್ಬರು 1504ರಲ್ಲೇ ಅಪ್ಪಣೆ ಬರೆದುಕೊಟ್ಟಿದ್ದರು. ಕೆಲವರು ತುರುಕರ ಸಹಾಯವನ್ನು ಹಾರೈಸಿದ್ದೂ ಉಂಟು. ಆದರೆ ಕತ್ತಿಯ ಮೊನೆಯಲ್ಲಿ ಹೌದೆನ್ನಿಸಿಕೊಂಡವರು, ಆ ಹೌದು ಮನಃಪೂರ್ವಕವಲ್ಲವೆಂದು ಕೋಪಿಸಿಕೊಳ್ಳುವುದು ಯಾವ ನ್ಯಾಯ? ನಿಜವಾಗಿ ಕ್ರೈಸ್ತರಾಗಿದ್ದ ಮೊರಿಸ್ಕೊಗಳೂ ಇದ್ದರು. ಅವರನ್ನು ಇವರಿಂದ ಬೇರ್ಪಡಿಸುವ ತಾಳ್ಮೆ ಯಾರಿಗೂ ಇರಲಿಲ್ಲ.

ಅಂಥವರಲ್ಲಿ ಒಬ್ಬ ಫ್ರಾನ್ಸಿಸ್ಕೊ ನೂನ್ಯೆತ್ ಮುಲೆ. ಎಳೆಯ ವಯಸ್ಸಿನಲ್ಲಿ ತಲವೇರಾನ ಸೇವೆಯಲ್ಲಿದ್ದವನು. 1567ರ ಆಜ್ಞೆ ಹೊರಟಾಗ ಆತ ವೃದ್ಧ. ಗ್ರನಾಡದ ನ್ಯಾಯಸ್ಥಾನದ ಅಧ್ಯಕ್ಷ ದೆಸಾ ಎಂಬವನಿಗೆ ಆತ ಬರೆದ ಬಿನ್ನವತ್ತಳೆ ಉಳಿದುಬಂದಿದೆ. ಅದರಲ್ಲಿ ಕಣ್ಣೀರಿಲ್ಲ, ಬರೀ ತರ್ಕ. ಉಡುಪು ಮತದ್ದಲ್ಲ, ನಾಡಿನದು ಎನ್ನುತ್ತಾನೆ. ಪೂರ್ವದೇಶದ ಕ್ರೈಸ್ತರು ಅರಬ್ಬರಂತೆಯೇ ಉಡುತ್ತಾರೆ, ಮಾಲ್ಟಾ ದ್ವೀಪದ ಕ್ರೈಸ್ತರು ಅರಬ್ಬಿಯಂಥ ಭಾಷೆಯನ್ನೇ ಆಡುತ್ತಾರೆ, ಅವರೇನು ಕ್ರೈಸ್ತರಲ್ಲವೆ? ಸ್ನಾನಗೃಹ ಇರುವುದು ಕೊಳೆ ತೊಳೆಯಲಿಕ್ಕೆ. ಮುದುಕರು ಮೂರು ವರ್ಷದಲ್ಲಿ ಹೊಸ ಭಾಷೆಯನ್ನು ಕಲಿಯುವುದುಂಟೆ? ಹೆಣ್ಣುಮಕ್ಕಳ ಉಡುಪನ್ನೆಲ್ಲ ಬಿಸಾಡಿ ಹೊಸದನ್ನು ಹೊಲಿಸಲು ಬಡವರಿಗೆ ಹಣವೆಲ್ಲಿ? ಮನೆತನದ ಹೆಸರುಗಳು ಅಳಿದರೆ ಯಾರು ಯಾರ ಮಕ್ಕಳೆಂದು ತಿಳಿಯುವುದು ಹೇಗೆ? ಈ ಕೊನೆಯ ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ಪುಸ್ತಕವನ್ನು ಮುಚ್ಚಿಟ್ಟು ಕುಳಿತದ್ದುಂಟು. ಬಿನ್ನಹಕ್ಕೆ ಫಲ ಸಿಕ್ಕಲಿಲ್ಲ.

1568ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಗ್ರನಾಡದ ದಕ್ಷಿಣಕ್ಕಿರುವ ಅಲ್ಪುಹಾರಾ ಗುಡ್ಡಸೀಮೆಯಲ್ಲಿ ದಂಗೆ ಎದ್ದಿತು. ಎರಡೂ ಕಡೆಯವರು ಕ್ರೂರರಾಗಿದ್ದರು. ದಂಗೆಕೋರರು ಪಾದ್ರಿಗಳನ್ನು ಹಿಂಸಿಸಿ ಕೊಂದರು, ದೊರೆಯ ಸೈನ್ಯ ಹಳ್ಳಿಗಳನ್ನೇ ಅಳಿಸಿ ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿತು. ದಂಗೆ ಅಡಗಿದ ಮೇಲೆ ಸುಮಾರು 80,000 ಮಂದಿಯನ್ನು, ದಂಗೆಗೆ ಸೇರಿದವರು ಸೇರದವರೆಂಬ ಭೇದವಿಲ್ಲದೆ, ಚಳಿಗಾಲದಲ್ಲಿ ಕಾಲುನಡಿಗೆಯಲ್ಲಿ ಕ್ಯಾಸ್ಟೀಲಿನ ಊರೂರಿಗೆ ಚದರಿಸಿದರು. ದಾರಿಯಲ್ಲಿ ಸತ್ತವರು ಬಹಳ.

ಇದೇ ಮಂಡಲಿಯ ಮಾದರಿಯಲ್ಲಿ ಪೋರ್ಚುಗೀಸರು 1560ರಲ್ಲಿ ಗೋವೆಯಲ್ಲಿ ಮತವಿಚಾರಣೆಯನ್ನು ಸ್ಥಾಪಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಅದು ನಡುವೆ ಕೆಲವೇ ವರ್ಷ ನಿಂತು 1812ರವರೆಗೂ ನಡೆಯಿತು. 1736ರಲ್ಲಿ ಅದು ಹೊರಡಿಸಿದ ಶಾಸನ ಗ್ರನಾಡದ ಆಜ್ಞೆಯ ತಮ್ಮನಂತಿದೆ: ಕ್ರೈಸ್ತರಾದ ಕೊಂಕಣಿಗರು ಅಂಗಳದಲ್ಲಿ ತುಲಸಿ ಇಡಬಾರದು, ಧೋತರ ಉಡಬಾರದು, ಹೆಂಗಸರು ಚೋಳಿ ತೊಡಬಾರದು, ಉಪ್ಪು ಹಾಕದೆ ಅನ್ನ ಬೇಯಿಸಬಾರದು. ಹಿಂದೂಗಳೂ, ಮತಾಂತರಗೊಂಡ ಕ್ರೈಸ್ತರೂ ಗೋವೆಯಿಂದ ನಮ್ಮ ಕನ್ನಡ ಜಿಲ್ಲೆಗಳಿಗೆ ಬಂದು ನೆಲೆಸಿದ್ದಕ್ಕೆ ಬರಗಾಲ, ಯುದ್ಧಗಳಂತೆ ಇದೂ ಒಂದು ಕಾರಣ. ಮಂಗಳೂರಿನ ಬೀದಿಯಲ್ಲಿ ಕೊಂಕಣಿ ಕೇಳಿಸಿದಾಗಲೆಲ್ಲ ನನಗೆ ಗ್ರನಾಡದ ನೆನಪಾಗುವುದು ಇದರಿಂದ.

ಮೊರಿಸ್ಕೊಗಳ ಕೊನೆಯ ಅಂಕ ಮೂರನೆಯ ಫಿಲಿಪನ ಕಾಲದ್ದು. 1609ರ ಏಪ್ರಿಲ್ 9ರಂದು, ಪ್ರೊಟೆಸ್ಟಂಟ್ ಡಚ್ಚರೊಡನೆ ಹನ್ನೆರಡು ವರ್ಷದ ಕದನವಿರಾಮಕ್ಕೆ ಸಹಿ ಬಿದ್ದ ದಿನವೇ, ಮೊರಿಸ್ಕೊಗಳನ್ನು ದೇಶದಿಂದ ಅಟ್ಟುವ ನಿರ್ಣಯವೂ ಆಯಿತು. ಹೊರಗಿನ ಶತ್ರುವಿನ ಮುಂದೆ ಬಾಗಿದ ಮುಖಭಂಗವನ್ನು ಒಳಗಿನ ದುರ್ಬಲನ ಮೇಲೆ ತೀರಿಸಿಕೊಂಡರೆಂದು ನನ್ನ ಅಭಿಪ್ರಾಯ. ಸೆಪ್ಟೆಂಬರ್ 22ರಂದು ವಲೆನ್ಸಿಯಾದಲ್ಲಿ ಡಂಗುರವಾಯಿತು: ಮೂರು ದಿನದೊಳಗೆ ಹೊರಡಬೇಕು, ಹೊರಲಾರದ್ದನ್ನು ಬಿಟ್ಟುಹೋಗಬೇಕು. ಸಕ್ಕರೆಯ ಗಾಣ, ಭತ್ತದ ಬೆಳೆ, ನೀರಾವರಿ ಕಾಲುವೆಗಳ ಗುಟ್ಟು ಬಲ್ಲವರೆಂದು ನೂರು ಮನೆಗೆ ಆರು ಮನೆಯವರು ಉಳಿಯಬಹುದೆಂಬ ವಿನಾಯಿತಿಯೊಂದಿತ್ತು. ಆ ಆರು ಮನೆಯವರ ರಕ್ತ ಅಷ್ಟು ಮಟ್ಟಿಗೆ ಶುದ್ಧ! 1614ರ ಹೊತ್ತಿಗೆ ಸುಮಾರು 3 ಲಕ್ಷ ಜನ ಹೊರಬಿದ್ದಿದ್ದರು. ಕೊನೆಗೆ ಹೊರಟವರು ಮೂರ್ಸಿಯಾದ ರಿಕೋತೆ ಕಣಿವೆಯವರು. ಅವರು ನಿಷ್ಠೆಯ ಕ್ರೈಸ್ತರೆಂದು ಹೇಳುವವರಿದ್ದರೂ ಉಪಯೋಗವಾಗಲಿಲ್ಲ. ಸರ್ವಾಂಟಿಸ್ ತನ್ನ ‘ಡಾನ್ ಕ್ವಿಕ್ಸೋಟ್’ ಕೃತಿಯ 1615ರ ಎರಡನೆಯ ಭಾಗದಲ್ಲಿ, ವೇಷ ಮರೆಸಿ ಊರಿಗೆ ಮರಳುವ ಮೊರಿಸ್ಕೊ ಅಂಗಡಿಕಾರನೊಬ್ಬನಿಗೆ ರಿಕೋತೆ ಎಂದೇ ಹೆಸರಿಟ್ಟಿದ್ದಾನೆ. ಐದು ವರ್ಷ ಆಲ್ಜಿಯರ್ಸಿನಲ್ಲಿ ಸೆರೆಯಿದ್ದ ಸರ್ವಾಂಟಿಸನಿಗೆ ಮುಸಲ್ಮಾನರ ಮೇಲೆ ಹಗೆ ಸಾಧಿಸಲು ಕಾರಣವಿತ್ತು. ಆತ ಆ ಅಂಗಡಿಕಾರನನ್ನು ನೆರೆಮನೆಯವನಾಗಿ ಚಿತ್ರಿಸಿದ.

ಕಡಲಾಚೆ ಅವರಿಗೆ ಸಿಕ್ಕ ಸ್ವಾಗತವೂ ಒಂದೇ ಬಗೆಯದಲ್ಲ. ಓರಾನ್ ಬಂದರಿನಿಂದ ಒಳನಾಡಿಗೆ ನಡೆದವರನ್ನು ದಾರಿಯಲ್ಲಿ ಸುಲಿದು ಕೊಂದರು. ಮೊರಾಕೊದಲ್ಲಿ, ಸ್ಪಾನಿಷ್ ಆಡುತ್ತ ಸ್ಪಾನಿಷ್ ಉಡುಪಿನಲ್ಲಿ ಬಂದಿಳಿದವರನ್ನು ಸ್ಥಳಿಕರು ಕ್ರೈಸ್ತರೆಂದೇ ಅನುಮಾನಿಸಿದರು. ಟ್ಯುನೀಶಿಯಾದಲ್ಲಿ ಮಾತ್ರ ಅವರಿಗೆ ನೆಲ ಸಿಕ್ಕಿತು. ತೆಸ್ತೂರ್ ಎಂಬ ಊರನ್ನು ಕಟ್ಟಿದರು, ಶೆಶಿಯಾ ಎಂಬ ಕೆಂಪು ಉಣ್ಣೆಯ ಟೊಪ್ಪಿಗೆಯ ಕಸುಬನ್ನು ಬೆಳೆಸಿದರು.

ಬಿಟ್ಟುಹೋದದ್ದರಲ್ಲಿ ಒಂದು 1884ರಲ್ಲಿ ಬೆಳಕಿಗೆ ಬಂತು. ಅರಗಾನ್ ಸೀಮೆಯ ಅಲ್ಮೊನಾಸಿದ್ ಎಂಬ ಹಳ್ಳಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಎರಡು ನೆಲಹಾಸುಗಳ ನಡುವೆ ಹಸ್ತಪ್ರತಿಗಳ ಕಟ್ಟು ಸಿಕ್ಕಿತು. ಕೆಲವು ಹಾಳಾದವು, ಉಳಿದವು ವಿದ್ವಾಂಸರ ಕೈ ಸೇರಿದವು. ಲಿಪಿ ಅರಬ್ಬಿ, ಭಾಷೆ ಸ್ಪಾನಿಷ್. ನಮ್ಮ ನೆರೆಯ ಮಾಪಿಳ್ಳೆಯವರು ಮಲೆಯಾಳವನ್ನು ಅರಬ್ಬಿ ಲಿಪಿಯಲ್ಲಿ ಬರೆದಂತೆ. ಅರಬ್ಬಿ ಮಾತು ಮರೆತುಹೋದ ಮೇಲೂ ಅಕ್ಷರವನ್ನು ಬಿಡದ ಜನ ತಮ್ಮ ಪ್ರಾರ್ಥನೆ, ಕಥೆಗಳನ್ನು ತಮ್ಮನ್ನು ಅಟ್ಟಿದವರ ಭಾಷೆಯಲ್ಲೇ ಬರೆದಿಟ್ಟಿದ್ದರು.

ಮೊರಿಸ್ಕೊಗಳನ್ನು ಅಟ್ಟಲೇಬೇಕೆಂದು ದೊರೆಗೆ ಮತ್ತೆ ಮತ್ತೆ ಬರೆದ ವಲೆನ್ಸಿಯಾದ ಆರ್ಚ್‌ಬಿಷಪ್ ರಿಬೇರಾನನ್ನು 1960ರಲ್ಲಿ ಸಂತರ ಪಂಕ್ತಿಗೆ ಸೇರಿಸಲಾಯಿತು. 1492ರಲ್ಲಿ ಹೊರದೂಡಿದ ಯಹೂದಿಗಳ ವಂಶಜರಿಗೆ ಪೌರತ್ವ ಕೊಡುವ ಶಾಸನವನ್ನು ಸ್ಪೇನ್ 2015ರಲ್ಲಿ ಮಾಡಿತು. ಮೊರಿಸ್ಕೊಗಳ ವಂಶಜರು ಅದರಲ್ಲಿ ಸೇರಲಿಲ್ಲ. ರಬಾತ್ ನಗರದಲ್ಲಿ ಬರ್ಗಾಶ್ ಎಂಬ ಮನೆತನವಿದೆ. ಅದು ಸ್ಪೇನಿನ ವಾರ್ಗಾಸ್. ತೆತುವಾನಿನಲ್ಲಿ ತೋರೆಸ್ ಎಂಬವರಿದ್ದಾರೆ. ಹೆಸರು ಅಳಿದರೆ ಯಾರು ಯಾರ ಮಕ್ಕಳೆಂದು ತಿಳಿಯದೆಂದು ಹೆದರಿದ್ದ ಮುದುಕ ಮುಲೆ ಅದನ್ನು ಕಾಣಲಿಲ್ಲ.