ಸೈಕಲ್ಲಿಗೆ ದೊರೆತ ದಾರಿ

ಹಕ್ಕೆಂಬುದು ಯಾವಾಗಲೂ ಹೋರಾಟದ ಹೆಬ್ಬಾಗಿಲಿನಿಂದಲೇ ಬರಬೇಕೆಂದಿಲ್ಲ. ಒಮ್ಮೊಮ್ಮೆ ದಂಡನೆಯ ಹಿತ್ತಿಲ ಬಾಗಿಲಿನಿಂದಲೂ ಒಳಗೆ ಬರುವುದುಂಟು. ಸಾರ್ವಜನಿಕ ರಸ್ತೆಯ ಮೇಲೆ ಸೈಕಲ್ ಸವಾರನಿಗೆ ದೊರೆತ ಹಕ್ಕಿನ ಕಥೆ ಇಂಥದು. ಅದು ನಡೆದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ.

1870ರ ದಶಕದಲ್ಲಿ ಅಲ್ಲಿನ ರಸ್ತೆಗಿಳಿದ ಸೈಕಲ್ಲು ನಾವು ಇಂದು ಕಾಣುವಂಥದಲ್ಲ. ಮುಂದೆ ಎದೆಯೆತ್ತರದ ಚಕ್ರ, ಹಿಂದೆ ಪುಟ್ಟದೊಂದು ಚಕ್ರ. ಮೇಲೆ ಕುಳಿತವನು ಹೆಚ್ಚಾಗಿ ಅನುಕೂಲಸ್ಥರ ಮನೆಯ ತರುಣ. ಅದನ್ನು ಕಂಡು ಕುದುರೆಗಳು ಬೆದರುತ್ತಿದ್ದವು, ಗಾಡಿ ಹೊಡೆಯುವವರು ರೇಗುತ್ತಿದ್ದರು. ರಸ್ತೆಯನ್ನು ಆಳುತ್ತಿದ್ದ ಕಾನೂನಾದರೋ 1835ರದು. ಅದನ್ನು ರಚಿಸಿದವರ ಕಣ್ಣ ಮುಂದಿದ್ದದ್ದು ಕುದುರೆ, ಬಂಡಿ, ಸಾರೋಟು, ದನಕರು. ಸೈಕಲ್ಲಿನ ಹೆಸರು ಅದರಲ್ಲಿ ಇರಲಿಲ್ಲ. ಹಾಗಾದರೆ ಇದು ವಾಹನವೋ, ಆಟಿಕೆಯೋ, ಬರಿಯ ಉಪದ್ರವವೋ? 1878ರಲ್ಲಿ ಪಾರ್ಲಿಮೆಂಟು ಸೈಕಲ್ಲಿನ ಬಳಕೆಗೆ ಉಪನಿಯಮ ಮಾಡುವ ಅಧಿಕಾರವನ್ನು ಆಯಾ ಕೌಂಟಿಗಳ ಕೈಗೇ ಒಪ್ಪಿಸಿತು. ಒಂದು ಕೌಂಟಿಯಲ್ಲಿ ಸಲ್ಲುವ ಸವಾರ ಗಡಿ ದಾಟಿದೊಡನೆ ಸಲ್ಲದವನಾಗಬಹುದಾಗಿತ್ತು. ಅದೇ ವರ್ಷ ಸವಾರರೂ ಒಂದು ಸಂಘ ಕಟ್ಟಿಕೊಂಡರು. 1883ರಿಂದ ಅದಕ್ಕೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾಯಿತು.

1879ರಲ್ಲಿ ಟೇಲರ್ ಮತ್ತು ಗುಡ್ವಿನ್ ಎಂಬುವರ ಮೊಕದ್ದಮೆ ಮೇಲಿನ ನ್ಯಾಯಾಲಯಕ್ಕೆ ಬಂತು. ಟೇಲರನ ಮೇಲಿದ್ದ ಆರೋಪ, ಜನರಿಗೆ ಅಪಾಯವಾಗುವಷ್ಟು ವೇಗದಲ್ಲಿ ಸೈಕಲ್ಲು ಓಡಿಸಿದನೆಂಬುದು. ಗಾಡಿಗಳಿಗಾಗಿ ಮಾಡಿದ ಕಾನೂನು ಸೈಕಲ್ಲಿಗೆ ಅನ್ವಯಿಸದು ಎಂಬುದು ಅವನ ಪರವಾದ ವಾದ. ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಕಾನೂನು ಹುಟ್ಟಿದಾಗ ಸೈಕಲ್ಲು ಇಲ್ಲದಿದ್ದರೇನು, ದಾರಿಹೋಕರ ಪ್ರಾಣ ಕಾಯುವುದಲ್ಲವೇ ಅದರ ಉದ್ದೇಶ. ಮನುಷ್ಯನನ್ನು ಹೊತ್ತು ಸಾಗುವುದರಿಂದ ಇದೂ ಗಾಡಿಯೇ ಎಂದು ತೀರ್ಮಾನಿಸಿ, ಶಿಕ್ಷೆಯನ್ನು ಎತ್ತಿಹಿಡಿದರು. ಟೇಲರ್ ಸೋತ, ಆದರೆ ಆ ಸೋಲಿನಲ್ಲಿ ಸೈಕಲ್ಲಿಗೆ ಗಾಡಿಗಳ ಪಂಕ್ತಿಯಲ್ಲಿ ಒಂದು ಎಲೆ ಬಿತ್ತು. ಮರುವರ್ಷ ಇನ್ನೊಂದು ಮೊಕದ್ದಮೆಯಲ್ಲಿ, ಸುಂಕದ ಕಟ್ಟೆಯಲ್ಲಿ ಹಣ ವಸೂಲು ಮಾಡುವ ಮಟ್ಟಿಗೆ ಸೈಕಲ್ಲು ಗಾಡಿಯಲ್ಲ ಎಂದು ತೀರ್ಪಾಯಿತು. ದಂಡಕ್ಕೆ ಗಾಡಿ, ಸುಂಕಕ್ಕೆ ಗಾಡಿಯಲ್ಲ!

ಈ ತ್ರಿಶಂಕು ಸ್ಥಿತಿ ಕೊನೆಗೊಂಡದ್ದು 1888ರ ಸ್ಥಳೀಯ ಆಡಳಿತ ಕಾಯಿದೆಯಿಂದ. ಅದರ 85ನೆಯ ಕಲಮು, ಹೆದ್ದಾರಿ ಕಾನೂನುಗಳ ಅರ್ಥದಲ್ಲಿ ಸೈಕಲ್ಲು ಗಾಡಿಯೇ ಎಂದು ಸಾರಿ, ಕೌಂಟಿಗಳಿಗೆ ಕೊಟ್ಟಿದ್ದ ಉಪನಿಯಮದ ಅಧಿಕಾರವನ್ನು ತೆಗೆದುಹಾಕಿತು. ಜೊತೆಗೆ ಕರ್ತವ್ಯಗಳನ್ನೂ ವಿಧಿಸಿತು: ಕತ್ತಲಾದ ಮೇಲೆ ದೀಪವಿರಬೇಕು; ಯಾರನ್ನಾದರೂ ಹಿಂದೆ ಹಾಕುವಾಗ ಗಂಟೆಯಿಂದಲೋ ಸೀಟಿಯಿಂದಲೋ ಎಚ್ಚರಿಸಬೇಕು; ತಪ್ಪಿದರೆ 40 ಷಿಲಿಂಗಿನವರೆಗೆ ದಂಡ. ಗಾಡಿಯಾದ ಮೇಲೆ ಕಾಲುದಾರಿಯ ಆಸೆ ಬಿಡಬೇಕಾಯಿತು. ಹೆದ್ದಾರಿ ಮಾತ್ರ ಅದರದಾಯಿತು. ಅದೇ ವರ್ಷ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ. ಮುಂದಿನ ವರ್ಷಗಳಲ್ಲಿ ಸೈಕಲ್ಲು ಸಾಮಾನ್ಯರ ಮನೆಬಾಗಿಲಿಗೂ ಬಂತು.

ಮೋಟಾರು ಬಂದ ಮೇಲೆ ಈ ಹಕ್ಕಿಗೆ ಬೇರೆ ಬಗೆಯ ಪರೀಕ್ಷೆ ಒದಗಿತು. 1934ರಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ಹಾದಿಯೊಂದನ್ನು ಸಾರಿಗೆ ಮಂತ್ರಿ ಹೋರ್-ಬೆಲಿಷಾ ಉದ್ಘಾಟಿಸಿದರು. ಹರ್ಷಿಸಬೇಕಾಗಿದ್ದ ಸೈಕಲ್ ಸಂಘ ಅದನ್ನು ವಿರೋಧಿಸಿತು. ಇಂದು ‘ಇದು ನಿಮ್ಮ ಹಾದಿ’ ಎಂದವರು ನಾಳೆ ‘ಅದು ನಿಮ್ಮ ರಸ್ತೆಯಲ್ಲ’ ಎಂದಾರೆಂಬುದು ಅದರ ಅಂಜಿಕೆ. ಉಪಕಾರದ ರೂಪದಲ್ಲಿ ಬಂದದ್ದು ಹಕ್ಕನ್ನು ನುಂಗದಿರಲಿ ಎಂಬ ಎಚ್ಚರ ಅದು.

ಆ ಅಂಜಿಕೆ ನಮಗೂ ದೂರದ್ದಲ್ಲ. 2013ರಲ್ಲಿ ಕೋಲ್ಕತ್ತದ ನೂರಕ್ಕೂ ಹೆಚ್ಚು ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿದಾಗ ಪೆಟ್ಟು ಬಿದ್ದದ್ದು ಹಾಲು ಹಾಕುವವರಿಗೆ, ಪತ್ರಿಕೆ ಹಂಚುವವರಿಗೆ, ಸೈಕಲ್ಲನ್ನೇ ನಂಬಿ ಅನ್ನ ಕಾಣುವವರಿಗೆ. ಟೇಲರನ ಕಾಲದಲ್ಲಿ ಸೈಕಲ್ಲು ಉಳ್ಳವರ ಹವ್ಯಾಸ. ಇಲ್ಲಿ ಅದು ಇಲ್ಲದವರ ಜೀವನೋಪಾಯ. ರಸ್ತೆ ಯಾರದು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ನ್ಯಾಯಮೂರ್ತಿಗಳು ಕೊಟ್ಟ ಉತ್ತರ ಸರಳವಾಗಿತ್ತು: ರಸ್ತೆಯ ನಿಯಮಕ್ಕೆ ತಲೆಬಾಗುವವನು ರಸ್ತೆಗೂ ಬಾಧ್ಯಸ್ಥ. ದಂಡ ಕಟ್ಟುವಾಗ ಗಾಡಿ ಎನಿಸಿಕೊಂಡದ್ದು ದಾರಿ ಕೇಳುವಾಗಲೂ ಗಾಡಿಯೇ ಆಗಿರಬೇಕಲ್ಲವೇ?